ಅಪ್‌ಡೇಟ್: ಟಿವಿಗೆ ಕೋಡಿ ಕೊನೆಗೂ ಇಳಿಯಿತು

ಹೋದ ವಾರ ಕೇಳಿದ್ದೆನಲ್ಲ, ಆಂಡ್ರಾಯ್ಡ್ ಟಿವಿಗೆ ಪೆನ್‌ಡ್ರೈವ್‌ನಿಂದ ಕೋಡಿ (ವಿಡಿಯೊ, ಹಾಡು ಪ್ಲೇ ಮಾಡುವ ಆ್ಯಪ್) ಹಾಕಲು ಹೋದರೆ ಪ್ರತಿ ಸಲ 'ಆ್ಯಪ್ ಇನ್‌ಸ್ಟಾಲ್ ಆಗಿಲ್ಲ' ಅಂತ ಬರುತ್ತಿದೆ ಎಂದು? ಈಗ ಸರಿಹೋಯಿತು.

'ಅನ್‌ನೋನ್ ಸೋರ್ಸಸ್' (ಪ್ಲೇ ಸ್ಟೋರ್‌ ಹೊರಗಿನ ಆ್ಯಪ್ ಹಾಕಲು ಬಿಡುವ ಸೆಟ್ಟಿಂಗ್) ಆನ್ ಮಾಡಿ ಅಂದಿರಿ, ಅದು ಆಗಲೇ ಆನ್ ಇತ್ತು. ಜಾಗ ಖಾಲಿ ಮಾಡಿದೆ, ಪೆನ್‌ಡ್ರೈವ್ ಬದಲಿಸಿದೆ. ಊಹೂಂ. ಫ್ಯಾಕ್ಟರಿ ರೀಸೆಟ್ ಮಾತ್ರ ಮಾಡಲಿಲ್ಲ, ಸದ್ಯ! ಮಾಡಿದ್ದರೆ ಅಮ್ಮ ಧಾರಾವಾಹಿ ನೋಡುವ ಆ್ಯಪ್‌ಗಳಿಗೆಲ್ಲ ಮತ್ತೆ ಲಾಗಿನ್ ಮಾಡುತ್ತಾ ಕೂರಬೇಕಿತ್ತು.

ಕೆಲಸ ಮಾಡಿದ್ದು '32 ಬಿಟ್ ಫೈಲ್ ಹಾಕಿ ನೋಡಿ' ಎಂಬ ಒಂದೇ ಸಾಲಿನ ಉತ್ತರ. ಕೋಡಿಯ ಸೈಟಿನಲ್ಲಿ ಆಂಡ್ರಾಯ್ಡ್‌ಗೆ ಎರಡು ಎಪಿಕೆ (ಆ್ಯಪ್ ಇನ್‌ಸ್ಟಾಲ್ ಮಾಡುವ ಫೈಲ್) ಇವೆ. ಎಆರ್‌ಎಂವಿ7ಎ ಅಂದರೆ 32 ಬಿಟ್, ಎಆರ್‌ಎಂವಿ8ಎ ಅಂದರೆ 64. ದೊಡ್ಡ ನಂಬರ್ ಒಳ್ಳೆಯದಿರಬೇಕು ಅಂತ ನಾನು ಸುಮ್ನೆ 64 ಇಳಿಸಿಕೊಂಡಿದ್ದೆ. ಗೊತ್ತಿಲ್ಲದ ವಿಷಯ ಏನೆಂದರೆ, ಚಿಪ್ 64 ಬಿಟ್ ಇದ್ದರೂ ಎಷ್ಟೋ ಟಿವಿಗಳಲ್ಲಿ ಓಡುವ ಆಂಡ್ರಾಯ್ಡ್ 32 ಬಿಟ್‌ನದ್ದು! ಅದರ ಮೇಲೆ 64 ಬಿಟ್ ಆ್ಯಪ್ ಕೂರುವುದೇ ಇಲ್ಲ. ಎರಡು ನಿಮಿಷದ ಕೆಲಸಕ್ಕೆ ಮೂರು ಸಂಜೆ ಹೋಯಿತು, ನೋಡಿ.

ಇನ್‌ಸ್ಟಾಲ್ ಆದ ಮೇಲೆ ಫೈಲ್ ಮ್ಯಾನೇಜರ್‌ಗೆ ಕೊಟ್ಟ ಆ ಅನ್‌ನೋನ್ ಸೋರ್ಸಸ್ ಅನುಮತಿಯನ್ನು ವಾಪಸ್ ಆಫ್ ಮಾಡಿದ್ದೇನೆ. ಕೋಡಿ ಆರಾಮಾಗಿ ಓಡುತ್ತಿದೆ.