ಡಿವಿಷನ್ 2ರಿಂದ ಡಿವಿಷನ್ 1ಕ್ಕೆ ಕಾಲೇಜು ಏರಬೇಕೇ? ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳನ್ನು ಕಾಲೇಜಿಗೆ ಕಳಿಸಿರುವ, ಕಳಿಸಲಿರುವ ಕನ್ನಡ ಪೋಷಕರ ಈ ಗುಂಪಿನಲ್ಲಿ ಇವತ್ತು ಸುಮಾ ಅವರು ಉತ್ತರ ಕೊಡುತ್ತಾರೆ. ಕಾಲೇಜು ಕ್ರೀಡಾ ವಿಭಾಗಗಳ ಬಜೆಟ್, ಲೆಕ್ಕಪತ್ರ ನೋಡಿಕೊಂಡು ಬಂದವರು. ಕಾಲೇಜಿನ ಕ್ರೀಡಾ ವಿಭಾಗ ಮೇಲಿನ ಡಿವಿಷನ್‌ಗೆ ಹೋಗುವುದು ಒಳ್ಳೆಯದೇ, ನಮ್ಮ ಮಕ್ಕಳ ಮೇಲೆ ಅದರ ಪರಿಣಾಮ ಏನು ಅನ್ನುವುದಷ್ಟೇ ವಿಷಯ. ಕೇಳುವ ಮುಂಚೆ ಮೇಲಿನ ಉತ್ತರಗಳನ್ನು ಓದಿ.

ರೇಖಾ: ಸುಮಾ ಅಕ್ಕ, ಮೊದಲು ನಮಗೆ ಅರ್ಥವಾಗುವ ಹಾಗೆ ಹೇಳಿ. ಡಿ-1, ಡಿ-2, ಡಿ-3 ಅನ್ನೋದು ಆಟದ ಮಟ್ಟವಾ, ದುಡ್ಡಿನ ಮಟ್ಟವಾ?

ಸುಮಾ: ಎರಡೂ. ಆದರೆ ದೊಡ್ಡ ವ್ಯತ್ಯಾಸ ಇರುವುದು ದುಡ್ಡಿನಲ್ಲಿ. ಅಮೆರಿಕದ ಕಾಲೇಜು ಕ್ರೀಡೆ ನೋಡಿಕೊಳ್ಳುವ ಎನ್‌ಸಿಎಎ ಸಂಸ್ಥೆ ತನ್ನ ಸದಸ್ಯ ಕಾಲೇಜುಗಳನ್ನು ಮೂರು ಡಿವಿಷನ್ ಮಾಡಿದೆ, ಡಿ-1 ಎಲ್ಲಕ್ಕಿಂತ ಮೇಲಿನದು. ಡಿ-3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲವೇ ಇಲ್ಲ. ಡಿ-2ರಲ್ಲಿ ಕೊಡುತ್ತಾರೆ, ಹೆಚ್ಚಿನವರಿಗೆ ಪೂರ್ತಿ ಸಿಗುವುದಿಲ್ಲ, ಕಾಲು ಭಾಗ, ಅರ್ಧ ಹೀಗೆ. ಡಿ-2ಕ್ಕೆ ಕನಿಷ್ಠ 10 ತಂಡ ಸಾಕು. ಡಿ-1 ಅಂದರೆ ಕನಿಷ್ಠ 14 ತಂಡ ನಡೆಸಬೇಕು, ಅದರಲ್ಲೂ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಮಟ್ಟ ಎಫ್‌ಬಿಎಸ್ ಆದರೆ 16. ಹಾರ್ವರ್ಡ್, ಯೇಲ್‌ನಂಥ ಐವಿ ಲೀಗ್ ಕಾಲೇಜುಗಳು ಡಿ-1ರಲ್ಲಿದ್ದೂ ಕ್ರೀಡಾ ಸ್ಕಾಲರ್‌ಶಿಪ್ ಕೊಡುವುದಿಲ್ಲ. ಎಂಐಟಿ, ಎಮೊರಿ, ಶಿಕಾಗೋ ಇವೆಲ್ಲ ಡಿ-3.

ವಿನಯ್ (ಟೆಕ್ಸಾಸ್): ಮಗ ಟೆನಿಸ್ ಆಡ್ತಾನೆ, ಡಿ-3 ಕಾಲೇಜಲ್ಲಿ ಎರಡನೇ ವರ್ಷ. ಡಿ-1 ಮಾಡ್ತಾರಂತೆ ಅಂತ ಗುಸುಗುಸು ಇದೆ. ಮಾಡಿದರೆ ಅವನಿಗೆ ಸ್ಕಾಲರ್‌ಶಿಪ್ ಸಿಗುತ್ತಾ ಮೇಡಂ?

ಸುಮಾ: ಕಾಲೇಜು ಏರಿತು ಅಂತ ತಾನಾಗಿ ಸಿಗುವುದಿಲ್ಲ. ಡಿ-1 ಕೋಚ್ ತನಗೆ ಬೇಕಾದವರನ್ನು ಹೊರಗಿಂದ, ಅನೇಕ ಸಲ ಹೊರದೇಶದಿಂದ ತರುತ್ತಾರೆ. ನಿಮ್ಮ ಮಗನ ಜಾಗ ಉಳಿಯುತ್ತದೆಯೇ ಅಂತ ಮೊದಲು ಕೇಳಿ.

ಮೇಷ್ಟ್ರು (ಮಿಡ್‌ವೆಸ್ಟ್): ಸುಮಾ ಅವರೇ, ನಾನು ಒಂದು ಚಿಕ್ಕ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೂರು ಸಾವಿರ ವಿದ್ಯಾರ್ಥಿಗಳೂ ಇಲ್ಲ, ಪ್ರತಿ ವರ್ಷ ಪ್ರವೇಶ ಇಳಿಯುತ್ತಿದೆ. ಈಗ ಡಿ-2ರಲ್ಲಿದ್ದೇವೆ. ಆಡಳಿತದವರು ಡಿ-1ಕ್ಕೆ ಹೋದರೆ ಹೆಸರು ಬರುತ್ತದೆ, ಪ್ರವೇಶ ಹೆಚ್ಚುತ್ತದೆ ಅನ್ನುತ್ತಿದ್ದಾರೆ. ಅಧ್ಯಾಪಕರ ಸಮಿತಿಯಲ್ಲಿ ನಾನೂ ಇದ್ದೇನೆ. ನಮಗೆ ಕೊಟ್ಟಿರುವ ಬಜೆಟ್ ಒಂದೇ ಪುಟ. ಅದರಲ್ಲಿ ಐದನೇ ವರ್ಷಕ್ಕೆ ಆದಾಯ, ಖರ್ಚು ಸರಿಸಮ. ವಿದ್ಯಾರ್ಥಿ ಶುಲ್ಕ ಏರಿಸಲು ಮತದಾನ ಇಡುತ್ತಾರಂತೆ. ನಾವು ಏನು ಕೇಳಬೇಕು? ನನ್ನ ಮಗಳೂ ಅಲ್ಲೇ ಈಜುಗಾರ್ತಿ, ಆದ್ದರಿಂದ ಮನಸ್ಸು ಎರಡು ಕಡೆ ಎಳೆಯುತ್ತಿದೆ.

ಸುಮಾ: ಮೇಷ್ಟ್ರೇ, ಓದಿ ಕಳವಳವಾಯಿತು. ಉಳಿದವರು ಸ್ವಲ್ಪ ಕಾಯಿರಿ, ಇದಕ್ಕೆ ಉದ್ದ ಉತ್ತರ ಬೇಕು.

ಆ ಒಂದು ಪುಟವನ್ನು ಮತ್ತೆ ತೆಗೆಯಿರಿ. ಆದಾಯದ ಕಡೆ ಟಿಕೆಟ್, ದೇಣಿಗೆ, ಎನ್‌ಸಿಎಎ ಹಂಚಿಕೆ ಅಂತ ಸಾಲುಗಳಿರುತ್ತವೆ. ಅದರ ಜೊತೆಗೇ ‘ವಿದ್ಯಾರ್ಥಿ ಶುಲ್ಕ’, ‘ಸಂಸ್ಥೆಯ ನೇರ ಬೆಂಬಲ’ ಅಂತ ಎರಡು ಸಾಲು ಇರುತ್ತವೆ. ಎನ್‌ಸಿಎಎಗೆ ಕೊಡುವ ವರದಿಯಲ್ಲೂ ಈ ಎರಡನ್ನು ಆದಾಯ ಅಂತಲೇ ತೋರಿಸುತ್ತಾರೆ. ಅದು ತಪ್ಪು ಲೆಕ್ಕವಲ್ಲ, ಫಾರಂ ಇರುವುದೇ ಹಾಗೆ. ಆದರೆ ಆ ದುಡ್ಡು ಬರುವುದು ಮಕ್ಕಳ ಫೀಸಿನಿಂದ ಮತ್ತು ನಿಮ್ಮ ಕೆಮಿಸ್ಟ್ರಿ, ಇತಿಹಾಸ ವಿಭಾಗಗಳಿಗೆ ಹೋಗಬೇಕಾದ ಹಣದಿಂದ. ಆ ಎರಡು ಸಾಲನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ, ಮತ್ತೆ ಕೂಡಿ. ಆಗ ಬರುವ ಕೊರತೆಯೇ ನಿಮ್ಮ ಸಮಿತಿ ಚರ್ಚಿಸಬೇಕಾದ ಸಂಖ್ಯೆ. ಬಹುಪಾಲು ಡಿ-1 ಕಾಲೇಜುಗಳಲ್ಲೂ ಈ ಕೊರತೆ ಇದೆ. ಕ್ರೀಡೆ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಕಾಲೇಜುಗಳು ಬೆರಳೆಣಿಕೆ, ಅವೆಲ್ಲ ಫುಟ್‌ಬಾಲ್‌ನ ದೊಡ್ಡ ಮನೆಗಳು.

ಎರಡನೆಯದು, ಸುಮ್ಮನೆ ಏರಲು ಬರುವುದಿಲ್ಲ. ಡಿ-1ರ ಯಾವುದಾದರೂ ಕಾನ್ಫರೆನ್ಸ್ (ತಮ್ಮತಮ್ಮಲ್ಲಿ ಆಡುವ ಕಾಲೇಜುಗಳ ಗುಂಪು) ನಿಮ್ಮನ್ನು ಕರೆಯಬೇಕು. ಅರ್ಜಿ ಶುಲ್ಕವೇ ಹತ್ತು ಲಕ್ಷ ಡಾಲರ್ ದಾಟುತ್ತದೆ. (ಇನ್ನು ಡಿ-1ರೊಳಗೇ ಫುಟ್‌ಬಾಲ್‌ನ ಕೆಳಗಿನ ಮಟ್ಟ ಎಫ್‌ಸಿಎಸ್‌ನಿಂದ ಎಫ್‌ಬಿಎಸ್‌ಗೆ ಹೋಗುವ ಶುಲ್ಕ 5 ಸಾವಿರ ಡಾಲರ್ ಇದ್ದದ್ದನ್ನು 2023ರಲ್ಲಿ 50 ಲಕ್ಷ ಡಾಲರ್ ಮಾಡಿದರು.) ಆಮೇಲೆ ಪರಿವರ್ತನೆಯ ಅವಧಿ, ಅಂದರೆ ಪೂರ್ಣ ಡಿ-1 ಸದಸ್ಯತ್ವ ಸಿಗುವವರೆಗಿನ ವರ್ಷಗಳು. ಡಿ-2ರಿಂದ ಬರುವವರಿಗೆ ಮೊದಲು ನಾಲ್ಕು ವರ್ಷ ಇತ್ತು. 2025ರ ಜನವರಿಯಲ್ಲಿ, ಶರತ್ತು ಪೂರೈಸಿದರೆ ಮೂರು ವರ್ಷ ಅಂದರು. ಡಿ-3ರವರಿಗೆ ನಾಲ್ಕು.

ಆ ವರ್ಷಗಳಲ್ಲಿ ಎನ್‌ಸಿಎಎ ನಡೆಸುವ ರಾಷ್ಟ್ರೀಯ ಟೂರ್ನಿಯ ಬಾಗಿಲು ಮುಚ್ಚಿರುತ್ತದೆ. 2022ರಲ್ಲಿ ಪರಿವರ್ತನೆಯಲ್ಲಿದ್ದ ಬೆಲ್ಲರ್ಮಿನ್ ವಿವಿ ತನ್ನ ಕಾನ್ಫರೆನ್ಸಿನ ಬ್ಯಾಸ್ಕೆಟ್‌ಬಾಲ್ ಟೂರ್ನಿ ಗೆದ್ದಿತು, ಎನ್‌ಸಿಎಎ ಟೂರ್ನಿಗೆ ಹೋದದ್ದು ಅದೇ ಕಾನ್ಫರೆನ್ಸಿನ ಜಾಕ್ಸನ್‌ವಿಲ್ ಸ್ಟೇಟ್. 2023ರಲ್ಲಿ ಮೆರಿಮ್ಯಾಕ್ ಕಾಲೇಜು ತನ್ನ ಕಾನ್ಫರೆನ್ಸಿನ ಫೈನಲ್‌ನಲ್ಲಿ ಫೇರ್ಲಿ ಡಿಕಿನ್ಸನ್ ತಂಡವನ್ನು ಸೋಲಿಸಿತು. ಮೆರಿಮ್ಯಾಕ್ ಪರಿವರ್ತನೆಯಲ್ಲಿತ್ತು, ಹಾಗಾಗಿ ಸೋತ ಫೇರ್ಲಿ ಡಿಕಿನ್ಸನ್ ಟೂರ್ನಿಗೆ ಹೋಗಿ ಒಂದನೇ ಶ್ರೇಯಾಂಕದ ಪರ್ಡ್ಯೂವನ್ನು 63-58ರಿಂದ ಹೊಡೆದು ದೇಶಕ್ಕೆಲ್ಲ ಹೆಸರಾಯಿತು. ಗೆದ್ದವರು ಮನೆಯಲ್ಲಿ ಕೂತು ಟಿವಿ ನೋಡಿದರು. ನಿಮ್ಮ ಮಗಳು ಈಗ ಯಾವ ವರ್ಷದಲ್ಲಿದ್ದಾಳೆ? ಎರಡನೇ ವರ್ಷ ಅಥವಾ ಮುಂದೆ ಆಗಿದ್ದರೆ ಅವಳ ಉಳಿದ ಕಾಲೇಜು ಜೀವನವೆಲ್ಲ ಈ ಅವಧಿಯೊಳಗೇ ಮುಗಿಯುತ್ತದೆ. ಇವತ್ತು ಡಿ-2 ರಾಷ್ಟ್ರೀಯ ಕೂಟಕ್ಕೆ ಅರ್ಹಳಾಗಬಲ್ಲ ಹುಡುಗಿಗೆ ನಾಳೆ ಎರಡೂ ಇಲ್ಲ. ಆಡಳಿತದವರ ಪುಟದಲ್ಲಿ ಇದಕ್ಕೆ ಸಾಲೇ ಇರುವುದಿಲ್ಲ.

ಮೂರನೆಯದು ಪ್ರಯಾಣ. ಡಿ-2ರಲ್ಲಿ ಬಸ್ಸಿನಲ್ಲಿ ಹೋಗಿ ರಾತ್ರಿಗೆ ವಾಪಸ್. ಡಿ-1 ಕಾನ್ಫರೆನ್ಸ್‌ಗಳು ಹಲವು ರಾಜ್ಯಗಳಿಗೆ ಹರಡಿರುತ್ತವೆ. ವಿಮಾನ, ಎರಡು ರಾತ್ರಿ ಹೋಟೆಲ್, ಇಡೀ ತಂಡಕ್ಕೆ ಊಟ. ಬ್ಯಾಸ್ಕೆಟ್‌ಬಾಲ್ ಒಂದಕ್ಕಲ್ಲ, ಸಾಫ್ಟ್‌ಬಾಲ್, ಸಾಕರ್, ವಾಲಿಬಾಲ್ ಎಲ್ಲಕ್ಕೂ. ತಂಡ ಹೆಚ್ಚಿಸುವಾಗ ಶಿಕ್ಷಣದಲ್ಲಿ ಲಿಂಗ ತಾರತಮ್ಯ ತಡೆಯುವ 1972ರ ಟೈಟಲ್ ನೈನ್ ಕಾನೂನಿನ ಪ್ರಕಾರ ಹುಡುಗಿಯರಿಗೂ ಅವಕಾಶ ಸಮವಾಗಿ ಬೆಳೆಯಬೇಕು. ಅದು ಬೆಳೆಯಲೇಬೇಕು, ನಾನು ಅದರ ಪರ. ಆದರೆ ಪುಟದಲ್ಲಿ ಆ ಖರ್ಚು ಕಾಣಬೇಕಲ್ಲ?

ಕೊನೆಗೆ, ಆಟದ ನಿಯಮವೇ ಬದಲಾಗಿದೆ. 2025ರ ಜೂನ್ 6ರಂದು ನ್ಯಾಯಾಲಯ ಒಪ್ಪಿದ, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಯಂತೆ, ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು. ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ನೀವು ಅಷ್ಟು ಕೊಡುವುದಿಲ್ಲ, ಸರಿ. ಆದರೆ ಹಳೆಯ ಆಟಗಾರರಿಗೆ ಕೊಡಬೇಕಾದ ಸುಮಾರು 280 ಕೋಟಿ ಡಾಲರ್ ಪರಿಹಾರದ ಒಂದು ಭಾಗವನ್ನು, ಡಿ-1 ಕಾಲೇಜುಗಳಿಗೆ ಬರುವ ಹಂಚಿಕೆಯಿಂದ ವರ್ಷವರ್ಷ ಕತ್ತರಿಸುತ್ತಿದ್ದಾರೆ. ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬೇರೆ ಇದೆ. ನೀವು ತರಬೇತಿ ಕೊಟ್ಟು ಬೆಳೆಸಿದ ಹುಡುಗನನ್ನು ಮುಂದಿನ ಏಪ್ರಿಲ್‌ನಲ್ಲಿ ದೊಡ್ಡ ಕಾಲೇಜು ಕರೆದುಕೊಂಡು ಹೋಗುತ್ತದೆ.

ಏರಿ ಗೆದ್ದವರೂ ಇದ್ದಾರೆ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿವಿ ಮಕ್ಕಳು ಶುಲ್ಕ ಏರಿಕೆಗೆ ಒಮ್ಮೆ ಬೇಡ ಅಂದು, 2016ರಲ್ಲಿ ಮತ ಹಾಕಿ ಒಪ್ಪಿದರು. 2020ರಲ್ಲಿ ಡಿ-1ಕ್ಕೆ ಬಂದು, ಅರ್ಹತೆ ಸಿಕ್ಕ ಮೊದಲ ವರ್ಷವೇ, 2025ರಲ್ಲಿ, ಬ್ಯಾಸ್ಕೆಟ್‌ಬಾಲ್ ಟೂರ್ನಿ ಮುಟ್ಟಿ ಮಿಶಿಗನ್‌ಗೆ ಬರೀ ಮೂರು ಅಂಕದಿಂದ ಸೋತರು. ಮಿನೆಸೋಟಾದ ಸೇಂಟ್ ಥಾಮಸ್ 2021ರಲ್ಲಿ ಡಿ-3ರಿಂದ ನೇರ ಡಿ-1ಕ್ಕೆ ಹೋಯಿತು, ಅವರ ಹಳೆಯ ಕಾನ್ಫರೆನ್ಸೇ ಹೊರಗೆ ಹಾಕಿತ್ತು. ಒಂದು ಕುಟುಂಬ 7.5 ಕೋಟಿ ಡಾಲರ್ ಕೊಟ್ಟು ಅಂಗಣಕ್ಕೆ ನಾಂದಿ ಹಾಡಿತು. ಒಂದು ಬೃಹತ್ ಸರ್ಕಾರಿ ವಿವಿ, ಇನ್ನೊಂದಕ್ಕೆ ದೊಡ್ಡ ದಾನಿ. ನಿಮ್ಮಲ್ಲಿ ಎರಡರಲ್ಲಿ ಯಾವುದಿದೆ?

ಇಳಿದವರನ್ನೂ ನೋಡಿ. ಹಾರ್ಟ್‌ಫರ್ಡ್ 2021ರ ಮಾರ್ಚಿನಲ್ಲಿ ಮೊಟ್ಟಮೊದಲ ಸಲ ಟೂರ್ನಿ ಆಡಿತು, ಮೇ ತಿಂಗಳಲ್ಲಿ ಡಿ-3ಕ್ಕೆ ಇಳಿಯುವ ತೀರ್ಮಾನ ಮಾಡಿತು. ಪೆನ್ಸಿಲ್ವೇನಿಯಾದ ಸೇಂಟ್ ಫ್ರಾನ್ಸಿಸ್ 2025ರ ಮಾರ್ಚಿನಲ್ಲಿ ಟೂರ್ನಿ ಆಡಿದ ಸುಮಾರು ಒಂದು ವಾರಕ್ಕೇ ಡಿ-3ಕ್ಕೆ ಹೋಗುತ್ತೇವೆ ಅಂದಿತು. ಇವರು ಆಟದಲ್ಲಿ ಸೋತು ಇಳಿದವರಲ್ಲ.

ನಿಮ್ಮಂಥ ಕಾಲೇಜಿಗೆ ನನ್ನ ಅಭಿಪ್ರಾಯ: ಬೇಡ. ಚಿಕ್ಕ ಕಾಲೇಜಿನಲ್ಲಿ ಆಟಗಾರ ಅಂದರೆ ಫೀಸು ಕಟ್ಟುವ ವಿದ್ಯಾರ್ಥಿ. ಡಿ-2, ಡಿ-3ರಲ್ಲಿ ತಂಡಗಳೇ ಪ್ರವೇಶ ಸಂಖ್ಯೆಯನ್ನು ಹಿಡಿದಿಟ್ಟುಕೊಂಡಿರುತ್ತವೆ. ಅದೇ ಹುಡುಗನಿಗೆ ಪೂರ್ತಿ ಸ್ಕಾಲರ್‌ಶಿಪ್ ಕೊಟ್ಟರೆ ತಲೆ ಎಣಿಕೆ ಹೆಚ್ಚುತ್ತದೆ, ಫೀಸು ಬರುವುದಿಲ್ಲ.

ಮಂಜುನಾಥ್: ಅದ್ಭುತ ಮೇಡಂ. ನಾನು ಮೊದಲಿಂದ ಹೇಳ್ತಾ ಇದೀನಿ, ಕಂಪ್ಯೂಟರ್ ಸೈನ್ಸ್ ಓದೋ ನಮ್ಮ ಮಕ್ಕಳ ದುಡ್ಡಲ್ಲಿ ಯಾರದ್ದೋ ಮಕ್ಕಳು ಚೆಂಡು ಆಡ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು.

ರೇಖಾ: ‘ಯಾರದ್ದೋ ಮಕ್ಕಳು’ ಅಂದ್ರೆ ಯಾರು ಸರ್? ನನ್ನ ಮಗಳು ಬೆಳಿಗ್ಗೆ ಐದಕ್ಕೆ ಎದ್ದು ದೋಣಿ ಹುಟ್ಟು ಹಾಕ್ತಾಳೆ, ಜೊತೆಗೆ ಬಯಾಲಜಿ ಓದ್ತಾಳೆ.

ಮಂಜುನಾಥ್: ನಿಮ್ಮ ಮಗಳ ಬಗ್ಗೆ ಹೇಳಿಲ್ಲಮ್ಮ.

ಶ್ರೀಧರ (ನ್ಯೂಜೆರ್ಸಿ): ಫಾರ್ವರ್ಡ್ ಬಂದಿದೆ, ಹಾಕ್ತಿದೀನಿ. “ಡಿ-1 ಆದ ಕಾಲೇಜಿಗೆ ಅರ್ಜಿ ಎರಡು ಪಟ್ಟು ಆಗುವುದು ಸಾಬೀತಾಗಿದೆ. ಈ ಮನವಿಗೆ ಸಹಿ ಹಾಕಿ, ಹತ್ತು ಪೋಷಕರಿಗೆ ಕಳಿಸಿ. ಪರಿವರ್ತನೆಯ ವರ್ಷಗಳಲ್ಲಿ ಮಕ್ಕಳನ್ನು ಆಡಿಸದೆ ಕೂರಿಸಿದರೆ ಆ ವರ್ಷಗಳು ಉಳಿಯುತ್ತವೆ, ಆಮೇಲೆ ಡಿ-1 ಟೂರ್ನಿ ಆಡಬಹುದು.”

ಸುಮಾ: ದಯವಿಟ್ಟು ಯಾರೂ ಇದನ್ನು ನಂಬಿ ಮಕ್ಕಳನ್ನು ಕೂರಿಸಬೇಡಿ. ಡಿ-1ರಲ್ಲಿ ಐದು ವರ್ಷದೊಳಗೆ ನಾಲ್ಕು ಸೀಸನ್ ಅನ್ನುವುದು ಇಷ್ಟು ದಿನ ನಡೆದುಬಂದ ನಿಯಮ. ಕಾಲೇಜಿಗೆ ಪೂರ್ಣಾವಧಿ ಸೇರಿದ ದಿನದಿಂದ ಗಡಿಯಾರ ಓಡುತ್ತದೆ, ಆಡಿದರೂ ಓಡುತ್ತದೆ, ಕೂತರೂ ಓಡುತ್ತದೆ. ಯಾವುದೇ ತೀರ್ಮಾನಕ್ಕೆ ಮುಂಚೆ ನಿಯಮಪಾಲನೆ ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಆಫೀಸಿನಿಂದ ಇಮೇಲ್‌ನಲ್ಲಿ ಉತ್ತರ ತೆಗೆದುಕೊಳ್ಳಿ. ಅರ್ಜಿ ಎರಡು ಪಟ್ಟು ಅನ್ನುವುದಕ್ಕೆ ಯಾವ ಕಾಲೇಜು, ಯಾವ ವರ್ಷ ಅಂತ ಆ ಸಂದೇಶದಲ್ಲಿ ಇದೆಯೇ? ಇಲ್ಲ.

ಗಿರೀಶ್: ಇದು ಏಕಪಕ್ಷೀಯ. ಫ್ಲಾರಿಡಾ ಗಲ್ಫ್ ಕೋಸ್ಟ್ ವಿವಿ 2013ರಲ್ಲಿ ಬ್ಯಾಸ್ಕೆಟ್‌ಬಾಲ್ ಟೂರ್ನಿಯ ಕೊನೆಯ 16ಕ್ಕೆ ಬಂದಾಗ ಇಡೀ ದೇಶಕ್ಕೆ ಹೆಸರು ಗೊತ್ತಾಯ್ತು. ಅವರೂ ಡಿ-2ರಿಂದ ಬಂದವರೇ. ಜೇಮ್ಸ್ ಮ್ಯಾಡಿಸನ್ 2022ರಲ್ಲಿ ಎಫ್‌ಬಿಎಸ್‌ಗೆ ಹೋಗಿ ಮರುವರ್ಷ ಮೊದಲ ಹತ್ತು ಪಂದ್ಯವೂ ಗೆದ್ದಿತು. ಹೆದರಿಸ್ತಾ ಕೂತರೆ ಯಾರೂ ಬೆಳೆಯಲ್ಲ.

ಸುಮಾ: ಗಿರೀಶ್ ಅವರೇ, ಎರಡೂ ನಿಜ. ಹೆಸರು ಬಂದಾಗ ಅರ್ಜಿಯೂ ಏರುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಡಿ-1 ಪುರುಷರ ಬ್ಯಾಸ್ಕೆಟ್‌ಬಾಲ್‌ನಲ್ಲಿ 360ಕ್ಕೂ ಹೆಚ್ಚು ತಂಡ, 2025ರಲ್ಲಿ ಟೂರ್ನಿಗೆ ಹೋದದ್ದು 68. ಉಳಿದವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ, ಅವರ ಖರ್ಚು ಅಷ್ಟೇ ಇರುತ್ತದೆ. ಜೇಮ್ಸ್ ಮ್ಯಾಡಿಸನ್‌ನ ಕ್ರೀಡಾ ಬಜೆಟ್‌ನ ಬಹುಪಾಲು ವಿದ್ಯಾರ್ಥಿ ಶುಲ್ಕದಿಂದ ಬಂದದ್ದು, ಅದು ದೊಡ್ಡ ಸರ್ಕಾರಿ ವಿವಿ, ತಡೆದುಕೊಳ್ಳುತ್ತದೆ. ಆ ಹತ್ತು ಗೆಲುವಿನ ವರ್ಷ ಅವರಿಗೂ ಕಾನ್ಫರೆನ್ಸ್ ಪ್ರಶಸ್ತಿಗೆ ಆಡುವ ಹಕ್ಕಿರಲಿಲ್ಲ. ಕಾರಣ ಮೇಲೆ ಹೇಳಿದ ಪರಿವರ್ತನೆಯ ಅವಧಿಯೇ.

ಗಿರೀಶ್: ಕೊನೆಗೆ, ಸೀಸನ್ ಮುಗಿದ ಮೇಲೆ ಆಯ್ದ ತಂಡಗಳಿಗೆ ಸಿಗೋ ಬೌಲ್ ಪಂದ್ಯ ಆಡಿದರಲ್ಲ?

ಸುಮಾ: ಅರ್ಹ ತಂಡಗಳು ಸಾಲದೆ ಬಂದದ್ದಕ್ಕೆ.

ಲತಾ (ಮೈಸೂರು): ಮಗಳು ರಾಜ್ಯ ಮಟ್ಟದ ಟೆನಿಸ್ ಆಟಗಾರ್ತಿ. ಏಜೆಂಟ್ ಒಬ್ಬರು ಡಿ-1 ಸ್ಕಾಲರ್‌ಶಿಪ್ ಗ್ಯಾರಂಟಿ ಅಂತ ಮುಂಗಡ ಕೇಳ್ತಿದಾರೆ. ಈಗ ಪರಿವರ್ತನೆಯಲ್ಲಿರೋ ಕಾಲೇಜಲ್ಲಿ ಜಾಗ ಸುಲಭ ಅಂತಾರೆ. ಕೊಡಬಹುದಾ ಅಕ್ಕ?

ಸುಮಾ: ಕೊಡಬೇಡಿ. ಗ್ಯಾರಂಟಿ ಅನ್ನುವ ಪದ ಬಂದ ತಕ್ಷಣ ಫೋನ್ ಇಡಿ. ಸ್ಕಾಲರ್‌ಶಿಪ್ ಕೊಡುವುದು ಕೋಚ್ ಮತ್ತು ಕಾಲೇಜು, ಏಜೆಂಟ್ ಅಲ್ಲ. ಮಗಳ ಪಂದ್ಯದ ವಿಡಿಯೊ, ರ‍್ಯಾಂಕಿಂಗ್, ಅಂಕಪಟ್ಟಿ ಇಟ್ಟು ಕೋಚ್‌ಗಳಿಗೆ ಅವಳೇ ಇಮೇಲ್ ಬರೆಯಲಿ. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿವಿಯಲ್ಲಿ ಆಡಿ 2007, 2008ರಲ್ಲಿ ಎನ್‌ಸಿಎಎ ಸಿಂಗಲ್ಸ್ ಗೆದ್ದವರು, ನಮ್ಮ ದೇಶದ ಮಕ್ಕಳಿಗೆ ಆ ದಾರಿ ತೆರೆದೇ ಇದೆ. ಪರಿವರ್ತನೆಯಲ್ಲಿರುವ ಕಾಲೇಜಾದರೆ ಅವಳು ಯಾವ ವರ್ಷದಿಂದ ಎನ್‌ಸಿಎಎ ಕೂಟಕ್ಕೆ ಅರ್ಹಳು ಅಂತ ಬರವಣಿಗೆಯಲ್ಲಿ ಕೇಳಿ.

ಪ್ರಕಾಶ್: ಎಫ್-1 ವಿದ್ಯಾರ್ಥಿ ವೀಸಾ ಮಕ್ಕಳು, ಕಾಲೇಜು ಆಟಗಾರರಿಗೆ ನೇರವಾಗಿ ಕೊಡೋ ಈ ಹೊಸ ದುಡ್ಡು ತಗೋಬಹುದಾ?

ಸುಮಾ: ವಕೀಲರನ್ನು ಕೇಳದೆ ಒಂದು ಡಾಲರ್ ಕೂಡ ಮುಟ್ಟಬೇಡಿ. ವೀಸಾ ಹೋದರೆ ಓದೂ ಹೋಗುತ್ತದೆ.

ಅನಿತಾ: ಮೇಡಂ, ಡಿ-3ರಲ್ಲಿ ಸ್ಕಾಲರ್‌ಶಿಪ್ ಎಷ್ಟು ಕೊಡ್ತಾರೆ?

ಸುಮಾ: ಕ್ರೀಡೆಗೆ ಇಲ್ಲ. ಮೊದಲ ಉತ್ತರ ಓದಿ.

ಕಿರಣ್: ಕಾಲೇಜಲ್ಲಿ ಕ್ರಿಕೆಟ್ ಯಾವಾಗ ಸೇರಿಸ್ತಾರೆ?

ಶ್ರೀಧರ (ನ್ಯೂಜೆರ್ಸಿ): ಇನ್ನೊಂದು ಫಾರ್ವರ್ಡ್: “ಡಿ-3 ಕಾಲೇಜಿಗೆ ಮರ್ಯಾದೆ ಇಲ್ಲ, ಕೆಲಸ ಸಿಗಲ್ಲ…”

ಸುಮಾ: ಶ್ರೀಧರ್ ಅವರೇ, ನಿಲ್ಲಿಸಿ. ಶಿಕಾಗೋ ವಿವಿ ಒಂದು ಕಾಲಕ್ಕೆ ಬಿಗ್ ಟೆನ್ ಅನ್ನುವ ದೊಡ್ಡ ಕಾನ್ಫರೆನ್ಸಿನಲ್ಲಿತ್ತು, ಕಾಲೇಜು ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಮೊದಲ ಹೈಸ್‌ಮನ್ ಟ್ರೋಫಿ 1935ರಲ್ಲಿ ಗೆದ್ದದ್ದು ಅಲ್ಲಿಯ ಹುಡುಗ. 1939ರಲ್ಲಿ ಫುಟ್‌ಬಾಲನ್ನೇ ಕೈಬಿಟ್ಟರು. ಇವತ್ತು ಡಿ-3ರಲ್ಲಿ ಆಡುತ್ತಾರೆ. ಆ ಪದವಿಗೆ ಮರ್ಯಾದೆ ಇಲ್ಲ ಅಂತ ಯಾರು ಹೇಳುತ್ತಾರೆ? ಇಂಥ ಸಂದೇಶ ಓದಿ ಒಂದು ಮಗು ತನಗೆ ಹೊಂದುವ ಕಾಲೇಜು ಬಿಟ್ಟರೆ ಆ ಹೊಣೆ ಯಾರದು?

ಶ್ರೀಧರ (ನ್ಯೂಜೆರ್ಸಿ): ನಾನು ಬರೆದಿದ್ದಲ್ಲ, ಬಂದಿದ್ದು ಕಳಿಸಿದೆ. ಇಷ್ಟು ಸಿಡುಕು ಯಾಕೆ?

ಮಂಜುನಾಥ್: ಕಳಿಸೋಕೆ ಮುಂಚೆ ಓದ್ಬೇಕು.

ಗಿರೀಶ್: ಮಂಜುನಾಥ್, ನಿಮಗೆ ಆಟ ಅಂದ್ರೇನೇ ಆಗಲ್ಲ, ಸುಮ್ನಿರಿ.

ರೇಖಾ: ಇಬ್ಬರೂ ಸುಮ್ನಿರಿ. ಮೇಷ್ಟ್ರ ಪ್ರಶ್ನೆ ಅರ್ಧದಲ್ಲಿದೆ.

ವಿನಯ್ (ಟೆಕ್ಸಾಸ್): ಮೇಡಂ, ಹಾಗಾದರೆ ಮಗ ಈಗಲೇ ಪೋರ್ಟಲ್‌ಗೆ ಹೆಸರು ಹಾಕಬೇಕಾ?

ಮೇಷ್ಟ್ರು (ಮಿಡ್‌ವೆಸ್ಟ್): ಸುಮಾ ಅವರೇ, ಮಗಳು ಎರಡನೇ ವರ್ಷ. ನೀವು ಹೇಳಿದಂತೆ ಎರಡು ಸಾಲು ಹೊಡೆದು ಕೂಡಿದೆ. ಉಳಿದ ಆದಾಯ ಕೋಚ್‌ಗಳ ಸಂಬಳಕ್ಕೂ ಸಾಲುವುದಿಲ್ಲ. ಸಮಿತಿಯಲ್ಲಿ ಇದನ್ನು ಇಟ್ಟರೆ ಕ್ರೀಡೆಯ ವಿರೋಧಿ ಅನ್ನಿಸಿಕೊಳ್ಳುತ್ತೇನೆ.

ಸುಮಾ: ಅನ್ನಿಸಿಕೊಳ್ಳಿ ಮೇಷ್ಟ್ರೇ. ಈಗಿರುವ ತಂಡಗಳನ್ನು ಉಳಿಸಿ ಅಂತ ಕೇಳುವವರು ಕ್ರೀಡೆಯ ವಿರೋಧಿಗಳಲ್ಲ. ದುಡ್ಡು ಸಾಲದೇ ಹೋದಾಗ ಮೊದಲು ಮುಚ್ಚುವುದು ಈಜು, ಟೆನಿಸ್, ಓಟದ ತಂಡಗಳನ್ನೇ, ಬ್ಯಾಸ್ಕೆಟ್‌ಬಾಲನ್ನಲ್ಲ. ಡಿ-1ರ ಕನಿಷ್ಠ 14ರಲ್ಲಿ ಈಜು ಇದೆಯೇ, ಎಷ್ಟು ವರ್ಷದ ಭರವಸೆ ಅಂತ ಕೇಳಿ. ಶುಲ್ಕದ ಮತಪತ್ರದ ಒಕ್ಕಣೆಯನ್ನು ಮೊದಲೇ ತರಿಸಿಕೊಳ್ಳಿ. ಏರಿಕೆ ಎಷ್ಟು ಅಂತ ಬರೆದಿರುತ್ತಾರೆ, ಯಾವ ವರ್ಷ ನಿಲ್ಲುತ್ತದೆ ಅಂತ ಬರೆದಿರುವುದಿಲ್ಲ. ಇವತ್ತು ಮತ ಹಾಕುವ ಕೊನೆ ವರ್ಷದವರು ಅದನ್ನು ಕಟ್ಟುವುದಿಲ್ಲ, ಇನ್ನೂ ಹೈಸ್ಕೂಲಲ್ಲಿರುವವರು ಕಟ್ಟುತ್ತಾರೆ. ಕಾನ್ಫರೆನ್ಸ್ ಆಹ್ವಾನ ಕಾಗದದಲ್ಲಿ ಬಂದಿದೆಯೇ, ಬಿಟ್ಟುಹೋದರೆ ದಂಡ ಎಷ್ಟು ಅನ್ನುವುದನ್ನೂ ನೋಡಿ. ಇಷ್ಟಕ್ಕೆ ಉತ್ತರ ಬರುವವರೆಗೆ ಮತದಾನ ಮುಂದೂಡಿ ಅಂತ ನಿರ್ಣಯ ಬರೆಯಿರಿ. ಕರಡು ನನಗೆ ಕಳಿಸಿ, ಇವತ್ತು ರಾತ್ರಿಯೇ ನೋಡುತ್ತೇನೆ.

ಅನಿತಾ: ಮೇಡಂ, ಡಿ-2ರಲ್ಲಾದರೂ ಪೂರ್ತಿ ಸ್ಕಾಲರ್‌ಶಿಪ್ ಸಿಗುತ್ತಾ?

ಅಡ್ಮಿನ್: ಇಲ್ಲಿಗೆ ಕಾಮೆಂಟ್ ಮುಚ್ಚುತ್ತಿದ್ದೇನೆ. ಶ್ರೀಧರ ಅವರ ಎರಡೂ ಫಾರ್ವರ್ಡ್ ಅಳಿಸುತ್ತೇನೆ. ಮೇಷ್ಟ್ರು ಕರಡನ್ನು ಸುಮಾ ಅವರಿಗೆ ನೇರವಾಗಿ ಕಳಿಸಲಿ.