ಅಪ್‌ಡೇಟ್: ಮೂಗಲ್ಲಿ ಅರವಳಿಕೆ ಕೊಟ್ಟು ನಮ್ಮ ಮೊಲದ ಆಪರೇಷನ್ ಆಯ್ತು

ಗರ್ಭಕೋಶ ತೆಗೆಸೋಕೆ ಮೊಲಕ್ಕೆ ಮೂಗಲ್ಲಿ ಅರವಳಿಕೆ ಹಾಕಿದ್ರೆ ಸೇಫಾ ಅಂತ ಕೇಳಿದ್ನಲ್ಲ, ಇಲ್ಲೇ ಪುಣೆ ಕೋಥ್ರೂಡ್‌ನಲ್ಲಿ ಆಪರೇಷನ್ ಆಯ್ತು, ನಮ್ಮ ಹುಡುಗಿ ಆರಾಮಾಗಿದಾಳೆ, ಉತ್ತರ ಕೊಟ್ಟವ್ರಿಗೆಲ್ಲ ತುಂಬಾ ಥ್ಯಾಂಕ್ಸ್. ಡಾಕ್ಟ್ರು ಸೂಜಿ ಇಲ್ದಿರೋ ಸಿರಿಂಜಿಂದ ಮಿಡಾಜೊಲಾಮ್, ಕೆಟಮಿನ್, ಡೆಕ್ಸ್‌ಮೆಡಿಟೊಮಿಡಿನ್ ಅನ್ನೋ ಮಂಪರು ಬರಿಸೋ ಔಷಧಿಗಳನ್ನ ಸೇರಿಸಿ ಎರಡೂ ಹೊಳ್ಳೆಗೆ ಹನಿಹನಿಯಾಗಿ ಬಿಟ್ರು, ಔಷಧಿ ಮೂಗಿನ ಒಳಪದರದಿಂದ ಸೀದಾ ರಕ್ತಕ್ಕೆ ಹೋಗುತ್ತಂತೆ, ಕೆಲವೇ ನಿಮಿಷದಲ್ಲಿ ಮಲಗಿಬಿಟ್ಲು, ಇಂಜೆಕ್ಷನ್ ಒದ್ದಾಟನೇ ಇಲ್ಲ. ಮೊಲ ಉಸಿರಾಡೋದು ಮುಖ್ಯವಾಗಿ ಮೂಗಲ್ಲೇ, ಅದಕ್ಕೆ ಒಂದೇ ಸಲ ಸುರಿಯೋ ಹಾಗಿಲ್ಲ, ಆಕ್ಸಿಜನ್ ರೆಡಿ ಇರ್ಲೇಬೇಕು. ಆಮೇಲೆ ಐಸೊಫ್ಲೂರೇನ್ ಅನ್ನೋ ಅರವಳಿಕೆ ಗ್ಯಾಸ್ ಕೊಟ್ಟು ಆಪರೇಷನ್, ಮುಗಿದ್ಮೇಲೆ ಎಚ್ಚರ ಆಗೋಕೆ ಅಟಿಪಮೆಜೋಲ್.

ಇನ್ನೊಂದು ಮುಖ್ಯ ವಿಷ್ಯ, ಮೊಲ ವಾಂತಿ ಮಾಡಲ್ಲ, ಹಾಗಾಗಿ ಆಪರೇಷನ್‌ಗೆ ಮುಂಚೆ ರಾತ್ರಿಯೆಲ್ಲ ಉಪವಾಸ ಇಡಬೇಡಿ, ಎದ್ದ ಕೂಡ್ಲೇ ಒಣಹುಲ್ಲು ಮುಂದಿಡಿ, ಹಿಕ್ಕೆ ಹಾಕ್ತಿದೆಯಾ ನೋಡ್ತಾ ಇರಿ, ತಿನ್ನದೇ ಇದ್ರೆ ಡಾಕ್ಟ್ರಿಗೆ ಅವತ್ತೇ ಫೋನ್ ಮಾಡಿ.