ಎಂಜಿಬಿ ಜಿಟಿ: ಗುಂಡಿ ಸಿಕ್ಕರೆ ಎಗರುತ್ತೆ, ತಿರುವಿನಲ್ಲಿ ಹಿಂಬದಿ ಜಾರುತ್ತೆ, ಮೊದಲು ಏನು ಬದಲಿಸಲಿ?

ಕ್ರೋಮ್‌ಬಂಪರ್:
ನನ್ನದು 1971ರ ಎಂಜಿಬಿ ಜಿಟಿ, ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಹಿಂದಿನ ಮಾಲೀಕರು ಗಾಡಿಯನ್ನು ತಗ್ಗಿಸಿದ್ದಾರೆ. ಮುಂದೆ ಗಿಡ್ಡ, ಗಟ್ಟಿ ಸ್ಪ್ರಿಂಗ್. ಹಿಂದೆ ಲೀಫ್ ಸ್ಪ್ರಿಂಗಿಗೂ (ಉಕ್ಕಿನ ಪಟ್ಟಿಗಳದ್ದು) ಆಕ್ಸಲ್‌ಗೂ (ಎರಡು ಚಕ್ರ ಜೋಡಿಸೋ ಅಡ್ಡ ದಂಡ) ನಡುವೆ ಒಂದೂವರೆ ಇಂಚಿನ ಬ್ಲಾಕ್. ನಿಂತಾಗ ನೋಡೋಕೆ ಚೆಂದ, ಓಡಿಸೋಕೆ ಹಿಂಸೆ. ನೇರ ರಸ್ತೆಯಲ್ಲಿ ಬೆನ್ನುಮೂಳೆ ಎಣಿಸಬಹುದು, ತಿರುವಿನಲ್ಲಿ ಒಂದು ಚಿಕ್ಕ ಉಬ್ಬು ಸಿಕ್ಕರೂ ಸಾಕು, ಹಿಂದಿನ ಚಕ್ರ ಪಕ್ಕಕ್ಕೆ ಒಂದು ಹೆಜ್ಜೆ ಹಾಕುತ್ತದೆ. ಪಾಲಿಯುರೆಥೇನ್ ಬುಷ್ (ಕೀಲುಗಳಲ್ಲಿ ಕೂರೋ ಮೆತ್ತೆ, ರಬ್ಬರಿನ ಬದಲು ಗಟ್ಟಿ ಪ್ಲಾಸ್ಟಿಕ್ಕಿನದ್ದು), ಟೆಲಿಸ್ಕೋಪಿಕ್ ಶಾಕ್ ಕಿಟ್ (ಸ್ಪ್ರಿಂಗಿನ ಕುಣಿತ ತಡೆಯೋ, ಕೊಳವೆ ಆಕಾರದ ಶಾಕ್), ಮುಂದೆ ಮುಕ್ಕಾಲು ಇಂಚಿನ ಆಂಟಿ ರೋಲ್ ಬಾರ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯೋ ಸರಳು), ಈ ಮೂರೂ ನನ್ನ ಪಟ್ಟಿಯಲ್ಲಿವೆ. ಯಾವುದು ಮೊದಲು? ರೇಸಿಗೆ ಹೋಗೋದಿಲ್ಲ, ಭಾನುವಾರದ ಸವಾರಿ ಅಷ್ಟೇ.

ಗ್ರೀಸ್‌ಕೈ:
ಸದ್ಯಕ್ಕೆ ಒಂದೂ ಬೇಡ. ಮೊದಲು ಒಂದು ಉಂಡೆ ಜೇಡಿಮಣ್ಣು ಸಾಕು, ಮಕ್ಕಳು ಆಡೋ ಅಂಥದ್ದು. ಆಕ್ಸಲ್ ಮೇಲೆದ್ದಾಗ ಬಡಿಯೋ ಬಂಪ್ ಸ್ಟಾಪ್ ರಬ್ಬರ್ ಇದೆಯಲ್ಲ, ಅದಕ್ಕೆ ಎರಡೂ ಕಡೆ ಮೆತ್ತಿ ನಿಮ್ಮ ಮಾಮೂಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಮಣ್ಣು ಚಪ್ಪಟೆಯಾಗಿದ್ದರೆ ನಿಮ್ಮ ತೊಂದರೆ ಬುಷ್ಷೂ ಅಲ್ಲ, ಬಾರೂ ಅಲ್ಲ. ಬ್ಲಾಕ್ ಹಾಕಿದಾಗ ಗಾಡಿ ಎಷ್ಟು ಇಳಿಯಿತೋ ಅಷ್ಟೇ ಜಾಗವನ್ನು ಆಕ್ಸಲ್ ಮೇಲೆ ಬರೋಕೆ ಇಲ್ಲದಂತೆ ಮಾಡಿಕೊಂಡಿದ್ದೀರಿ. ತಿರುವಿನಲ್ಲಿ ಹೊರಗಿನ ಚಕ್ರದ ಮೇಲೆ ಮೊದಲೇ ಭಾರ ಬಿದ್ದಿರುತ್ತದೆ, ಉಬ್ಬು ಬಂದ ತಕ್ಷಣ ಆಕ್ಸಲ್ ಹೋಗಿ ರಬ್ಬರಿಗೆ ಬಡಿಯುತ್ತದೆ, ಆ ಕ್ಷಣಕ್ಕೆ ಹಿಂದೆ ಸ್ಪ್ರಿಂಗೇ ಇಲ್ಲ ಅಂದುಕೊಳ್ಳಿ. ಜಾರದೆ ಇನ್ನೇನು ಮಾಡುತ್ತದೆ?

ಹಾಗೇ ಹಿಂದಿನ ಲಿವರ್ ಶಾಕ್ (ಗಾಡಿಯ ಜೊತೆಗೇ ಬಂದ, ತೋಳಿರೋ ಹಳೆ ಮಾದರಿ) ಇದೆಯಲ್ಲ, ಅದರ ಲಿಂಕ್ ಬಿಚ್ಚಿ ತೋಳನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ ನೋಡಿ. ಉದ್ದಕ್ಕೂ ಒಂದೇ ಸಮ ಬಿಗಿ ಇರಬೇಕು. ನಡುವೆ ಎಲ್ಲಾದರೂ ಸಡಿಲ ಸಿಕ್ಕರೆ ಎಣ್ಣೆ ಕಮ್ಮಿಯಾಗಿದೆ, ಇಲ್ಲ ಒಳಗೆ ಗಾಳಿ ಸೇರಿದೆ.

ಕ್ರೋಮ್‌ಬಂಪರ್:
ಸಾರ್, ಮಣ್ಣು ಹಪ್ಪಳ ಆಗಿದೆ! ಎರಡೂ ಕಡೆ. ರಬ್ಬರಿನ ಗೆರೆ ಕೂಡ ಅಚ್ಚಾಗಿದೆ. ಬಲಗಡೆ ಶಾಕ್‌ನ ತೋಳು ಅರ್ಧ ದಾರಿ ಸುಮ್ನೆ ಬೀಳುತ್ತದೆ, ಆಮೇಲೆ ಬಿಗಿ. ಹಾಗಾದರೆ ಟೆಲಿಸ್ಕೋಪಿಕ್ ಕಿಟ್ ತರಿಸೋದೇ ಅಲ್ವಾ?

ಓವರ್‌ಡ್ರೈವ್:
ಅವಸರ ಬೇಡ. ಚೆನ್ನಾಗಿ ರಿಪೇರಿ ಮಾಡಿದ ಲಿವರ್ ಶಾಕ್ ನಿಮ್ಮ ಓಡಾಟಕ್ಕೆ ಧಾರಾಳ. ಎಷ್ಟೋ ಕಿಟ್‌ಗಳಲ್ಲಿ ಬರೋ ಶಾಕ್ ತೀರಾ ಗಟ್ಟಿ. ಜನ ಆ ಬಿಗಿಯನ್ನೇ ಹ್ಯಾಂಡ್ಲಿಂಗ್ ಅಂದುಕೊಳ್ಳುತ್ತಾರೆ, ಅದು ನನಗಂತೂ ಅರ್ಥವಾಗದ ವಿಷಯ. ಮುಂದಿನ ಲಿವರ್ ಶಾಕನ್ನೂ ನೋಡಿಕೊಳ್ಳಿ. ಅಲ್ಲಿ ಅದು ಬರೀ ಶಾಕ್ ಅಲ್ಲ, ಚಕ್ರ ಹಿಡಿದಿರೋ ಮೇಲಿನ ತೋಳೂ ಅದೇ. ಅದರ ಶಾಫ್ಟ್ ಸವೆದಿದ್ದರೆ ಚಕ್ರವೇ ಆಡುತ್ತದೆ.

ಸ್ಪ್ರಿಂಗ್ ಮತ್ತು ಶಾಕ್ ಜೋಡಿ. ಸ್ಪ್ರಿಂಗ್ ಎರಡು ಪಟ್ಟು ಗಟ್ಟಿ ಮಾಡಿದರೆ ಅದು ಮೊದಲಿನಷ್ಟೇ ಸಲ ಕುಣಿದು ನಿಲ್ಲಬೇಕಾದರೆ ಶಾಕ್ ಸುಮಾರು 1.4 ಪಟ್ಟು ಬಿಗಿ ಬೇಕು. ನಿಮ್ಮ ಗಾಡಿಯಲ್ಲಿ ಗಟ್ಟಿ ಸ್ಪ್ರಿಂಗಿಗೆ ಸೋತ ಶಾಕ್ ಜೊತೆಯಾಗಿದೆ, ಅದಕ್ಕೇ ಎಗರಾಟ. ಮುಂದೆ ಮೂಲ ಅಳತೆಯ ಸ್ಪ್ರಿಂಗಿಗೇ ಹಿಂತಿರುಗಿ.

ಇನ್ನು ಮುಕ್ಕಾಲು ಇಂಚಿನ ಬಾರ್ ಬೇಡವೇ ಬೇಡ. ಬಾರಿನ ಬಿಗಿ ವ್ಯಾಸದ ನಾಲ್ಕನೇ ಘಾತಕ್ಕೆ ಏರುತ್ತದೆ. 9/16 ಇಂಚಿನಿಂದ 5/8ಕ್ಕೆ ಹೋದರೇ ಒಂದೂವರೆ ಪಟ್ಟು, 3/4ಕ್ಕೆ ಹೋದರೆ ಮೂರು ಪಟ್ಟಿಗೂ ಜಾಸ್ತಿ. ಆಗ ಗಾಡಿ ವಾಲೋದಿಲ್ಲ ನಿಜ, ಆದರೆ ಸ್ಟೇರಿಂಗ್ ತಿರುಗಿಸಿದರೂ ಮೂತಿ ನೇರಕ್ಕೇ ಹೋಗುತ್ತದೆ. 5/8 ಸಾಕು, ಅದೂ ಕೊನೆಯಲ್ಲಿ.

ಲಂಬಾಕ್ಷ:
ಬುಷ್ ಬಗ್ಗೆ ಯಾರೂ ಹೇಳಲಿಲ್ಲ. ನಾನು ಎಲ್ಲಾ ಕಡೆ ಪಾಲಿ ಹಾಕಿ ಒಂದೇ ತಿಂಗಳಲ್ಲಿ ಹಿಂದಿನದನ್ನು ಬಿಚ್ಚಿ ರಬ್ಬರಿಗೇ ಮರಳಿದೆ, ಆ ಕೀಚಲು ಸದ್ದು ಕನಸಲ್ಲೂ ಬರುತ್ತಿತ್ತು. ಮುಂದಿನ ಕೆಳತೋಳಿಗೆ ಎಂಜಿಬಿ ವಿ8ನ ಬುಷ್ ಹಾಕಿ. ರಬ್ಬರೇ, ಆದರೆ ಒಳಗೆ ಉಕ್ಕಿನ ಕೊಳವೆ ಇರೋದರಿಂದ ಬೇಗ ಹಿಸುಕಿಹೋಗೋದಿಲ್ಲ. ಒಂದು ವಿಷಯ ಮಾತ್ರ ಮರೆಯಬೇಡಿ, ನಟ್ಟುಗಳನ್ನು ಕೊನೆಯ ಬಿಗಿ ಮಾಡೋದು ಗಾಡಿ ಚಕ್ರದ ಮೇಲೆ ನಿಂತ ಮೇಲೆ. ಜಾಕ್ ಮೇಲೆ ತೋಳು ಜೋತಾಡುವಾಗ ಬಿಗಿ ಮಾಡಿದರೆ ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ.

ಗ್ರೀಸ್‌ಕೈ:
ಬುಷ್ ವಿಷಯ ಸರಿ. ಪಾಲಿ ಎಲ್ಲಾ ಕಡೆಯೂ ಕೆಟ್ಟದ್ದು ಅಂತಲ್ಲ, ಆಂಟಿ ರೋಲ್ ಬಾರಿನ ಬುಷ್‌ಗೆ ನಾನೂ ಅದನ್ನೇ ಹಾಕಿದ್ದೇನೆ. ಬ್ಲಾಕ್ ತೆಗೆದಾಗ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯೋ ಯು ಬೋಲ್ಟೂ ಗಿಡ್ಡದ್ದು ತರಿಸಿ, ಹಳೆಯ ಉದ್ದದವಕ್ಕೆ ಥ್ರೆಡ್ ಮುಗಿದುಹೋಗಿ ನಟ್ಟು ಕಚ್ಚೋದಿಲ್ಲ. ಆಮೇಲೆ ಒಂದೊಂದೇ ಬದಲಿಸಿ, ಪ್ರತಿ ಸಲವೂ ಅದೇ ರಸ್ತೆಗೆ ಹೋಗಿ.

ಕ್ರೋಮ್‌ಬಂಪರ್:
ಬ್ಲಾಕ್ ಕಳಚಿದೆ, ಬಲಗಡೆ ಶಾಕ್ ರಿಪೇರಿಗೆ ಕೊಟ್ಟು ಹಾಕಿಸಿಕೊಂಡೆ. ಮುಂದಿನ ಸ್ಪ್ರಿಂಗ್ ಇನ್ನೂ ಆ ಗಿಡ್ಡದ್ದೇ, ಹಾಗಾಗಿ ಗಾಡಿ ಈಗ ಮೂತಿ ಬಗ್ಗಿಸಿ ನಿಂತ ಟಗರಿನ ಹಾಗೆ ಕಾಣುತ್ತದೆ. ಆದರೆ ಅದೇ ತಿರುವು, ಅದೇ ಉಬ್ಬು, ಹಿಂಬದಿ ಅಲುಗಲಿಲ್ಲ. ಮಣ್ಣು ಮತ್ತೆ ಮೆತ್ತಿದ್ದೆ, ಎಡಗಡೆ ಮುಟ್ಟೇ ಇಲ್ಲ, ಬಲಗಡೆ ತುದಿ ಮಾತ್ರ ತಗುಲಿದೆ. ಓಡಿಸೋನು ಕೂರೋದು ಬಲಗಡೆ, ನನ್ನ ತೂಕವೂ ಸ್ವಲ್ಪ ಜಾಸ್ತಿ, ಅದಕ್ಕೆ ಯಾವ ಪಾರ್ಟೂ ಸಿಗೋದಿಲ್ಲ ಅಲ್ವಾ.